ಮನೆ ಬಿಟ್ಟು ಓಡಿದ ಮಗು ಮರಳಿ ಬಂದಾಗ

ಸಿಟ್ಟು ಬಂದರೆ ಚಪ್ಪಲಿಯನ್ನೂ ಮೆಟ್ಟದೆ ಓಡುವ ಮಗುವನ್ನು ಹುಡುಕುವುದರಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡ ಕಡೆಯ ಮಂದಿ ಚುರುಕು. ಓಣಿಗೆ ಓಣಿಯೇ ಬೈಕ್ ಹತ್ತುತ್ತದೆ. ಎಡವುವುದು ಮಗು ಸಿಕ್ಕ ಮೇಲೆ. ಹೊಸ್ತಿಲಲ್ಲೇ ಬೀಳುವ ಏಟು ಮುಂದಿನ ಸಲ ಇನ್ನೂ ದೂರ ಓಡಿಸುತ್ತದೆ.

ಮೊದಲೇ ಮಾಡಿಡುವುದು: ಇತ್ತೀಚಿನ ಫೋಟೊ, ಎತ್ತರ, ಮೈಮೇಲಿನ ಗುರುತು, ಐದಾರು ಗೆಳೆಯರ ಮನೆಯ ನಂಬರು ಒಂದು ಹಾಳೆಯಲ್ಲಿ.

ಕಾಣೆಯಾದಾಗ: ನೆರೆಮನೆ, ಗೆಳೆಯರ ಮನೆ ಅರ್ಧ ತಾಸಿನಲ್ಲಿ ಮುಗಿಸಿ, 112 (ತುರ್ತು ಕರೆ) ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. 24 ತಾಸು ಕಾಯಬೇಕೆಂಬ ನಿಯಮ ಇಲ್ಲ. ಕಾಣೆಯಾದ ಮಕ್ಕಳ ದೂರಿಗೆ ಎಫ್‌ಐಆರ್ ಆಗಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಇದು ನಮ್ಮ ಠಾಣೆಯ ಹದ್ದಿಗೆ ಬರುವುದಿಲ್ಲ ಎಂದು ಪೊಲೀಸರು ಹೇಳಿದರೆ ಝೀರೊ ಎಫ್‌ಐಆರ್ (ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದ ಎಫ್‌ಐಆರ್) ಕೇಳಿ. ಮಗು ರೈಲು ನಿಲ್ದಾಣಕ್ಕೆ ಹೋಗಿರಬಹುದು ಎನಿಸಿದರೆ ನೆನಪಿಡಿ, ಹುಬ್ಬಳ್ಳಿ ನಿಲ್ದಾಣದ ಒಂದು ಪ್ಲಾಟ್‌ಫಾರ್ಮೇ 1,507 ಮೀಟರ್ ಉದ್ದ. ಒಬ್ಬರೇ ಅಲೆಯದೆ ರೈಲ್ವೆ ಪೊಲೀಸರ ಕೈಗೆ ಫೋಟೊ ಕೊಡಿ, ರೈಲ್ವೆ ಸಹಾಯವಾಣಿ 139ಕ್ಕೂ ತಿಳಿಸಿ. ಆಟಿಸಂ (ಮಾತು, ಜನರೊಡನೆ ಬೆರೆಯುವುದು ಕಷ್ಟವಾಗುವ ಬೆಳವಣಿಗೆಯ ತೊಂದರೆ) ಇರುವ ಮಗುವಾದರೆ ಮೊದಲು ನೀರಿರುವಲ್ಲಿ ನೋಡಿ: ಉಣಕಲ್ ಕೆರೆ, ಓಣಿಯ ಬಾವಿ, ಹೊಲದ ಕೃಷಿ ಹೊಂಡ. ಇಂಥ ಎಷ್ಟೋ ಮಕ್ಕಳನ್ನು ನೀರು ಸೆಳೆಯುತ್ತದೆ.

ಮರಳಿ ಬಂದ ರಾತ್ರಿ: ಮಗು ಮನೆ ಮುಟ್ಟುವ ಮೊದಲೇ ನೆರೆದ ಬಂಧುಗಳನ್ನು ಕಳಿಸಿಬಿಡಿ. ಹತ್ತು ಜನರ ನಡುವೆ ನಿಂತ ಮಗು ಅವಮಾನ ಬಿಟ್ಟು ಬೇರೇನನ್ನೂ ಕೇಳಿಸಿಕೊಳ್ಳುವುದಿಲ್ಲ. ಎದುರಿಗೆ ಒಬ್ಬರೇ ಇರಲಿ, ಕಡಿಮೆ ಸಿಟ್ಟಾದವರು. ಮಾತು ಇಷ್ಟೇ ಸಾಕು: ‘ಬಂದಿದ್ದು ಛಲೋ ಆತು. ಕೈಕಾಲು ತೊಳ್ಕೊಂಡು ಬಾ, ಊಟ ಮಾಡೂಣು.’ ಗಾಯವಿದೆಯೇ, ಬರೆ ಇದೆಯೇ ನೋಡಿ. ಇದ್ದರೆ ಆ ರಾತ್ರಿಯೇ ಆಸ್ಪತ್ರೆ. ಬಿಸಿ ಅನ್ನ ಬಡಿಸಿ, ಆದರೆ ಹೊಸ ಮೊಬೈಲ್, ಹೊಸ ಅಂಗಿಯ ಆಸೆ ತೋರಿಸಬೇಡಿ. ಓಡಿದರೆ ಲಾಭವಿದೆ ಎಂಬ ಪಾಠ ಬೇಗ ತಲೆಗೆ ಹತ್ತುತ್ತದೆ. ‘ಯಾಕ ಹೋಗಿದ್ದಿ?’ ಎಂದು ಆಗಲೇ ಕೇಳಿದರೆ ಸುಳ್ಳು ಬರುತ್ತದೆ, ಸುಳ್ಳಿಗೆ ಏಟು ಬೀಳುತ್ತದೆ. ಮರುದಿನ ಹೊಟ್ಟೆ ತುಂಬಿದ ಮೇಲೆ, ಎದುರುಬದುರು ಕೂರದೆ, ಶೇಂಗಾ ಸುಲಿಯುತ್ತಲೋ ನಡೆಯುತ್ತಲೋ ಕೇಳಿ: ‘ಹೋಗೂಕಿಂತ ಮೊದಲು ಏನಾತು?’ ಯಾಕೆ ಎಂಬುದಕ್ಕಿಂತ ಏನು ಎಂಬುದಕ್ಕೆ ಉತ್ತರ ಸುಲಭ. ಮನೆಯಲ್ಲೋ ಶಾಲೆಯಲ್ಲೋ ಯಾರದಾದರೂ ಹೆದರಿಕೆ ಇದೆ ಎಂದರೆ ನಂಬಿ. ಆ ವ್ಯಕ್ತಿಯನ್ನು ಎದುರಿಗೆ ಕರೆಸಿ ವಿಚಾರಣೆ ಮಾಡಬೇಡಿ, 1098ಕ್ಕೆ ಹೇಳಿ. (ಮಗು ಬೇರೆಯವರ ಕೈಗೆ ಸಿಕ್ಕಿದ್ದರೆ 24 ತಾಸಿನೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಅಲ್ಲಿಂದ ಕರೆತರಲು ಆಧಾರ್, ಜನನ ಪ್ರಮಾಣಪತ್ರ ಒಯ್ಯಿರಿ.)

ಕೋಣೆಗೆ ಕೀಲಿ ಹಾಕುವುದು, ಕಾಲಿಗೆ ಸರಪಳಿ ಬೇಡವೇ ಬೇಡ. ಬೆಂಕಿ ಬಿದ್ದರೆ ಮಗು ಒಳಗೇ ಸಾಯುತ್ತದೆ. ಔಷಧಿ ಅಂಗಡಿಯ ನಿದ್ದೆ ಗುಳಿಗೆಯೂ ಬೇಡ. ಅಗ್ಗದ ಜಿಪಿಎಸ್ ವಾಚ್ ನೆಚ್ಚಬೇಡಿ: ಎಷ್ಟೋ ವಾಚ್‌ಗಳು ಮೊಬೈಲ್ ಟವರ್ ಲೆಕ್ಕದಲ್ಲಿ ಜಾಗ ತೋರಿಸುತ್ತವೆ, ಅದು ನೂರಾರು ಮೀಟರ್ ತಪ್ಪುತ್ತದೆ. ಓಡುವ ಮಗು ಅದನ್ನು ಮೊದಲು ಬಿಚ್ಚಿ ಎಸೆಯುತ್ತದೆ.

ಮುಂದಿನ ನಾಲ್ಕು ವಾರ ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಮೂರೇ ಸಾಲು: ರಗಳೆಗೆ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ನೀವೇನು ಮಾಡಿದಿರಿ. ಪರೀಕ್ಷೆಯ ಅಂಕ, ಅಪ್ಪನ ಕುಡಿತ, ಸಂಜೆಯ ಹೋಂವರ್ಕ್, ಯಾವುದೋ ಒಂದು ಮತ್ತೆ ಮತ್ತೆ ಕಾಣುತ್ತದೆ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗುವಾಗ ಈ ನೋಟ್‌ಬುಕ್ ಒಯ್ಯಿರಿ. ‘ಭಾಳ ಹಟ ಮಾಡ್ತಾನ್ರಿ’ ಎನ್ನುವುದಕ್ಕಿಂತ ವೈದ್ಯರಿಗೆ ಇದು ಹೆಚ್ಚು ಹೇಳುತ್ತದೆ. ಗದಗ, ಹಾವೇರಿಯವರು ಹೊರಡುವ ಮೊದಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾತಾಡಬಹುದು.

ಕೊನೆಗೆ ಮಗುವಿನ ಜೊತೆ ಕೂತು ಒಂದು ಮನೆ ಗೊತ್ತು ಮಾಡಿ, ನಡೆದು ಹೋಗುವಷ್ಟು ಹತ್ತಿರದ್ದು: ದೊಡ್ಡವ್ವನದೋ ಸೋದರಮಾವನದೋ. ಸಿಟ್ಟು ತಡೆಯಲಾಗದಿದ್ದರೆ ಅಲ್ಲಿಗೆ ಹೋಗಬಹುದು. ಅವರು ಹತ್ತು ನಿಮಿಷದೊಳಗೆ ನಿಮಗೆ ಫೋನ್ ಮಾಡಬೇಕು, ಮಗುವಿಗೆ ಬುದ್ಧಿ ಹೇಳಬಾರದು. ನಿಲ್ದಾಣದ ತನಕ ಓಡುತ್ತಿದ್ದ ಮಗು ದೊಡ್ಡವ್ವನ ಕಟ್ಟೆಯ ಮೇಲೆ ಕೂತಿದ್ದರೆ ಅದನ್ನೂ ಆ ದಿನದ ಮೂರು ಸಾಲಿನಲ್ಲಿ ಬರೆಯಿರಿ.