ಗರಗಸ ಕೊನೆಗಿರಲಿ: ರೋಡ್ ಸೈಕಲ್ಲಿನ ಚಂದ, ಅನುಕೂಲ ಎರಡನ್ನೂ ಹೊಂದಿಸುವ ಬಗೆ

ಹೊಸ ರೋಡ್ ಸೈಕಲ್ ಬಂದ ವಾರಕ್ಕೇ ಜಗಳ ಶುರುವಾಗುತ್ತದೆ. ಸ್ಟೆಮ್ (ಹ್ಯಾಂಡಲ್ಲನ್ನು ಹಿಡಿದಿಡುವ ತುಂಡು) ಕೆಳಗಿನ ಸ್ಪೇಸರ್, ಅಂದರೆ ಎತ್ತರ ಕೊಡುವ ಬಳೆಗಳನ್ನು, ತೆಗೆದು ಹ್ಯಾಂಡಲ್ ತಗ್ಗಿಸಿದರೇ ಗತ್ತು ಎಂದು ಒಬ್ಬರು. ಬೆನ್ನು ನೋವು ಬರಿಸಿಕೊಂಡು ಗತ್ತು ಯಾಕೆ ಎಂದು ಇನ್ನೊಬ್ಬರು. ಮಡ್‌ಗಾರ್ಡ್ ಹಾಕಿದರೆ ಪೇಪರ್ ಹಾಕುವ ಹುಡುಗನ ಸೈಕಲ್ ಆಯಿತು ಅನ್ನುವವರೂ ಇದ್ದಾರೆ. ಆದರೆ ಸೈಕಲ್ ಕೆಟ್ಟದಾಗಿ ಕಾಣುವುದಕ್ಕೆ ಬಹಳ ಸಲ ಕಾರಣ ಆ ಸಾಮಾನಲ್ಲ, ಅದನ್ನು ಕೂರಿಸಿದ ರೀತಿ. ಮೊದಲು ಮೈಗೆ ಹೊಂದಿಸಿ, ಆಮೇಲೆ ರಸ್ತೆಗೆ, ಅಂದ ಆಮೇಲೆ. ಸ್ಟೀರರ್, ಅಂದರೆ ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಮೇಲ್ಕೊಳವೆ, ಕತ್ತರಿಸುವ ಕೆಲಸ ಎಲ್ಲಕ್ಕಿಂತ ಕೊನೆಗೆ.

ಸೀಟು

ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಸಂದಿಗೆ ಗಟ್ಟಿಯಾಗಿ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಬಂದ ಅಳತೆಯನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಇದ್ದರೆ 70.6 ಸೆಂ.ಮೀ. ಪೆಡಲ್ ಕ್ರ್ಯಾಂಕಿನ ನಡುಬಿಂದುವಿನಿಂದ ಸೀಟಿನ ಮೇಲ್ಮೈವರೆಗೆ ಇಷ್ಟಿರಲಿ. ಇದು ಶುರುಮಾಡಲು ಒಂದು ಲೆಕ್ಕ ಅಷ್ಟೆ. ಪರೀಕ್ಷೆ ಬೇರೆ ಇದೆ: ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಹಿಂದಕ್ಕೆ ತುಳಿಯಿರಿ. ಪೆಡಲ್ ತೀರ ಕೆಳಗಿರುವಾಗ ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು.

ಸೀಟ್ ಪೋಸ್ಟ್ ಉದ್ದಕ್ಕೆ ಹೊರಬಂದಿದ್ದರೆ ಫೋಟೋದಲ್ಲಿ ಚಂದ, ನಿಜ. ಆದರೆ ಸೀಟು ಎತ್ತರವಾದರೆ ಮಂಡಿಯ ಹಿಂಭಾಗ ಹಿಡಿಯುತ್ತದೆ, ತಗ್ಗಾದರೆ ಮಂಡಿಯ ಮುಂಭಾಗ. ಒಂದು ಸಲಕ್ಕೆ 2-3 ಮಿ.ಮೀ. ಮಾತ್ರ ಬದಲಿಸಿ ಎರಡು ಮೂರು ದಿನ ಓಡಿಸಿ ನೋಡಿ. ಪೋಸ್ಟ್ ಮೇಲಿನ ಕನಿಷ್ಠ ಗುರುತು ಫ್ರೇಮಿನ ಹೊರಗೆ ಕಾಣಿಸಲೇಬಾರದು. ಹ್ಯಾಂಡಲ್ ದೂರ ಅನಿಸಿತೆಂದು ಸೀಟನ್ನು ಮುಂದಕ್ಕೆ ತಳ್ಳುವುದು ತಪ್ಪು; ದೂರವನ್ನು ಸ್ಟೆಮ್‌ನಲ್ಲಿ ಸರಿಪಡಿಸಬೇಕು.

ಹ್ಯಾಂಡಲ್ ಎತ್ತರ, ಅಂದರೆ ಸ್ಪೇಸರ್ ಜಗಳ

ಡ್ರಾಪ್ ಹಿಡಿದು, ಅಂದರೆ ಹ್ಯಾಂಡಲ್ಲಿನ ಕೆಳಗಿನ ಬಾಗಿನಲ್ಲಿ ಕೈಯಿಟ್ಟು, ಹತ್ತು ನಿಮಿಷ ಓಡಿಸಿ. ಆಗದಿದ್ದರೆ ಹ್ಯಾಂಡಲ್ ತಗ್ಗಾಗಿದೆ, ಇಲ್ಲವೇ ದೂರವಾಗಿದೆ. ಕಿರುಬೆರಳು ಜೋಮು ಹಿಡಿಯುವುದು, ಕತ್ತಿನ ಹಿಂಭಾಗ ಬಿಗಿಯುವುದು, ಕೈ ತಾನಾಗಿಯೇ ಹ್ಯಾಂಡಲ್ ನಡುವಿಗೆ ಸರಿಯುವುದು ಇದರದೇ ಲಕ್ಷಣ. ನಡುವಿಗೆ ಸರಿದ ಕೈಗೆ ಬ್ರೇಕ್ ಲಿವರ್ ಎಟುಕುವುದಿಲ್ಲ. ಅಲ್ಲಿಗೆ ತಗ್ಗಿಸಿದ ಹ್ಯಾಂಡಲ್ ಗಾಳಿಯನ್ನು ಸೀಳಿದ್ದೂ ಇಲ್ಲ.

ಸ್ಪೇಸರ್ ಬದಲಿಸುವಾಗ ಸೈಕಲ್ ನೆಲದ ಮೇಲೇ ಇರಲಿ, ಇಲ್ಲದಿದ್ದರೆ ಫೋರ್ಕ್ ಜಾರಿ ಬೀಳುತ್ತದೆ. ಸ್ಟೆಮ್ಮಿನ ಎರಡೂ ಪಕ್ಕದ ಬೋಲ್ಟ್ ಸಡಿಲಿಸಿ, ಮೇಲಿನ ಮುಚ್ಚಳ, ಅಂದರೆ ಟಾಪ್ ಕ್ಯಾಪ್, ಬಿಚ್ಚಿ, ಸ್ಟೆಮ್ ಎತ್ತಿ. 10 ಮಿ.ಮೀ. ಸ್ಪೇಸರ್ ಸೇರಿಸಿದರೆ ಹ್ಯಾಂಡಲ್ ಅಷ್ಟು ಮೇಲೇರುವುದರ ಜೊತೆಗೆ ಸುಮಾರು 3 ಮಿ.ಮೀ. ಹತ್ತಿರಕ್ಕೂ ಬರುತ್ತದೆ, ಏಕೆಂದರೆ ಸ್ಟೀರರ್ ಹಿಂದಕ್ಕೆ ವಾಲಿದೆ. ಸ್ಪೇಸರ್ ಗೋಪುರ ಕಣ್ಣಿಗೆ ಹಿತವಲ್ಲದಿದ್ದರೆ ಸ್ಟೆಮ್ಮನ್ನೇ ತಿರುಗಿಸಿ ಹಾಕಿ: 100 ಮಿ.ಮೀ. ಉದ್ದದ, 6 ಡಿಗ್ರಿಯ ಸ್ಟೆಮ್ ಮಗುಚಿದರೆ ಹ್ಯಾಂಡಲ್ 20 ಮಿ.ಮೀ. ಮೇಲಾಗುತ್ತದೆ. ಮೇಲ್ಮುಖದ ಸ್ಟೆಮ್ ನೋಡಿ ನಗುವವರು ನಗಲಿ. ಕಾರ್ಬನ್ ಸ್ಟೀರರ್ ಆದರೆ ಸ್ಟೆಮ್ ಕೆಳಗೆ ಎಷ್ಟು ಸ್ಪೇಸರ್ ಹಾಕಬಹುದೆಂಬ ಮಿತಿ ಕೈಪಿಡಿಯಲ್ಲಿರುತ್ತದೆ, 30 ಮಿ.ಮೀ. ಎಂದಿರುವುದು ಸಾಮಾನ್ಯ. ಅದನ್ನು ದಾಟಬೇಡಿ.

ಮತ್ತೆ ಜೋಡಿಸುವಾಗಲೇ ಹೆಚ್ಚಿನವರು ಎಡವುವುದು. ಸ್ಟೀರರ್ ತುದಿ ಮೇಲಿನ ಸ್ಪೇಸರಿಗಿಂತ 2-3 ಮಿ.ಮೀ. ಒಳಗಿರಬೇಕು, ಸಮಕ್ಕಿದ್ದರೆ ಟಾಪ್ ಕ್ಯಾಪ್ ಎಷ್ಟು ಬಿಗಿದರೂ ಬೇರಿಂಗಿಗೆ ಒತ್ತಡ ಸಿಗದು. ಪಕ್ಕದ ಬೋಲ್ಟ್‌ಗಳು ಸಡಿಲವಿರುವಾಗಲೇ ಟಾಪ್ ಕ್ಯಾಪ್ ಹಗುರಾಗಿ ಬಿಗಿಯಿರಿ. ಮುಂದಿನ ಚಕ್ರವನ್ನು 90 ಡಿಗ್ರಿ ತಿರುಗಿಸಿ, ಬ್ರೇಕ್ ಹಿಡಿದು, ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ. ಇನ್ನೊಂದು ಕೈಯ ಬೆರಳು ಹೆಡ್‌ಸೆಟ್ (ಸ್ಟೀರರ್ ತಿರುಗುವ ಬೇರಿಂಗ್ ಜೋಡಿ) ಸಂದಿನ ಮೇಲಿರಲಿ. ಟಕ್ ಟಕ್ ಎಂದರೆ ಇನ್ನೂ ಕಾಲು ಸುತ್ತು. ಚಕ್ರ ನೇರವಿಟ್ಟು ಪರೀಕ್ಷಿಸಿದರೆ ಡಿಸ್ಕ್ ಪ್ಯಾಡಿನ ಅಲುಗಾಟವೇ ಬೇರಿಂಗಿನ ಅಲುಗಾಟದಂತೆ ಭಾಸವಾಗುತ್ತದೆ. ಆಮೇಲೆ ಮುಂಭಾಗ ಎತ್ತಿ ಹಿಡಿಯಿರಿ, ಹ್ಯಾಂಡಲ್ ತಾನೇ ಪಕ್ಕಕ್ಕೆ ಹೊರಳಬೇಕು. ಹೊರಳದಿದ್ದರೆ ಬಿಗಿ ಜಾಸ್ತಿ. ಕೊನೆಗೆ ಸ್ಟೆಮ್ ಮತ್ತು ಚಕ್ರ ಒಂದೇ ನೇರಕ್ಕೆ ತಂದು, ಪಕ್ಕದ ಬೋಲ್ಟ್‌ಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸಾಮಾನ್ಯವಾಗಿ 5 ನ್ಯೂಟನ್ ಮೀಟರ್. ಸ್ಟೆಮ್ ಮೇಲೆ ಬರೆದಿರುವುದೇ ಅಂತಿಮ.

ಇನ್ನು ಕೇಬಲ್ ಒಂದೂ ಕಾಣದಂತೆ ಹೆಡ್‌ಸೆಟ್ ಒಳಗಿಂದಲೇ ಹಾಯಿಸಿದ ಸೈಕಲ್‌ಗಳು. ನೋಡಲು ಸೊಗಸು, ರೇಸಿಗೆ ಗಾಳಿಯ ಲಾಭವೂ ಉಂಟು. ಆದರೆ ಮೇಲಿನ ಬೇರಿಂಗಿಗೆ ಬೆವರು, ಮಳೆನೀರು ಇಳಿದು ತುಕ್ಕು ಹಿಡಿದಾಗ, ಅದನ್ನು ತೆಗೆಯಲು ಬ್ರೇಕಿನ ಆಯಿಲ್ ಪೈಪನ್ನೇ ಬಿಡಿಸಬೇಕು. ಪೈಪ್ ತುದಿ ಕತ್ತರಿಸಿ, ಹೊಸ ಆಲಿವ್ (ಆಯಿಲ್ ಸೋರದಂತೆ ತಡೆಯುವ ಸಣ್ಣ ಉಂಗುರ) ಹಾಕಿ, ಬ್ಲೀಡ್ ಮಾಡಬೇಕು, ಅಂದರೆ ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕು. ಕೇಬಲ್ ಹೊರಗಿರುವ ಸೈಕಲ್ಲಿನಲ್ಲಿ ಅದೇ ಕೆಲಸ ಅರ್ಧ ಗಂಟೆಯದು. ಮಲೆನಾಡು, ಕರಾವಳಿಯ ಮಳೆಯಲ್ಲಿ ದಿನಾ ಓಡಿಸುವವರು ಇದನ್ನು ಕೊಳ್ಳದಿರುವುದೇ ಲೇಸು. ಈಗಾಗಲೇ ಕೊಂಡಿದ್ದರೆ ಮಳೆಗಾಲ ಮುಗಿದೊಡನೆ ಬೇರಿಂಗ್ ನೋಡಿಸಿ. ಸ್ಪೇಸರ್‌ಗಳು ಎರಡು ಹೋಳಾಗಿ ಬಿಚ್ಚಿಕೊಳ್ಳುವಂಥವೇ ಎಂದೂ ಅಂಗಡಿಯಲ್ಲಿ ಕೇಳಿ. ಹಾಗಿದ್ದರೆ ಎತ್ತರ ಬದಲಿಸಲು ಪೈಪ್ ಬಿಡಿಸಬೇಕಿಲ್ಲ.

ಟೈರು

ಸಣ್ಣ ಟೈರು ವೇಗ ಎಂಬ ನಂಬಿಕೆ ನಮ್ಮ ರಸ್ತೆಗಲ್ಲ. ಫ್ರೇಮ್ ಒಪ್ಪುವುದಾದರೆ 28 ಅಥವಾ 32 ಮಿ.ಮೀ. ಹಾಕಿ. ಗಾಳಿ ತುಂಬಿದ ಮೇಲೆ ಟೈರಿನ ಎರಡೂ ಪಕ್ಕ ಕನಿಷ್ಠ 4 ಮಿ.ಮೀ. ಜಾಗ ಉಳಿದಿರಲಿ. ಪಕ್ಕದಲ್ಲಿ ಬರೆದ ಅಳತೆಯನ್ನು ನಂಬಬೇಡಿ. ರಿಮ್ ಅಗಲವಿದ್ದರೆ ಟೈರೂ ಅಗಲವಾಗುತ್ತದೆ. ಅಂಚಿನ ಕೊಕ್ಕೆಯಿಲ್ಲದ ರಿಮ್ ಆದರೆ ಗಾಳಿಯ ಒತ್ತಡ 72.5 ಪಿಎಸ್‌ಐ ದಾಟಿಸಲೇಬಾರದು.

ಟೈರಿನ ಹೆಸರನ್ನು ವಾಲ್ವ್ ಎದುರಿಗೇ ಬರುವಂತೆ ಕೂರಿಸುವುದು ಬರೀ ಶೋಕಿ ಅನ್ನುತ್ತಾರೆ. ಜಾಲಿ ಮುಳ್ಳು ಚುಚ್ಚಿದ ದಿನ ಅದರ ಬೆಲೆ ಗೊತ್ತಾಗುತ್ತದೆ. ಟ್ಯೂಬ್ ಹೊರತೆಗೆದು ಗಾಳಿ ಹಾಕಿ ತೂತು ಪತ್ತೆ ಮಾಡಿ; ವಾಲ್ವ್‌ನಿಂದ ಅದು ಎಷ್ಟು ಗೇಣು ದೂರವೋ, ಟೈರಿನ ಹೆಸರಿನಿಂದ ಅಷ್ಟೇ ಗೇಣಿಗೆ ಮುಳ್ಳಿರುತ್ತದೆ. ಎಡಕ್ಕೋ ಬಲಕ್ಕೋ ತಿಳಿಯದಿದ್ದರೆ ಎರಡೂ ಕಡೆ ಸವರಿ ನೋಡಿ. ಮುಳ್ಳು ಕೀಳದೆ ಹೊಸ ಟ್ಯೂಬ್ ಹಾಕಿದರೆ ಹತ್ತು ನಿಮಿಷಕ್ಕೆ ಮತ್ತೆ ಪಂಕ್ಚರ್.

50 ಮಿ.ಮೀ. ಆಳದ ರಿಮ್ ಹಾಕಲೇಬೇಕೆಂದರೆ ಹಿಂದಕ್ಕೆ ಹಾಕಿ, ಮುಂದಕ್ಕೆ ಅದಕ್ಕಿಂತ ಕಡಿಮೆ ಆಳದ್ದು. ನಂದಿ ಬೆಟ್ಟ ಇಳಿಯುವಾಗ ಅಡ್ಡಗಾಳಿ ತಳ್ಳುವುದು ಮುಂದಿನ ಚಕ್ರವನ್ನು.

ಮಡ್‌ಗಾರ್ಡ್

ಹಳೆಯ ಕರಿ ಹರ್ಕ್ಯುಲಿಸ್ ಸೈಕಲ್ಲನ್ನು ನೆನೆಯಿರಿ. ಮಡ್‌ಗಾರ್ಡ್ ಚಕ್ರದ ಸುತ್ತಿಗೆ ಸಮವಾಗಿ ಬಾಗಿರುತ್ತಿತ್ತು, ಚೈನ್ ಕವರ್ ಪಂಚೆಯನ್ನೂ ಉಳಿಸುತ್ತಿತ್ತು, ಚೈನನ್ನೂ ಉಳಿಸುತ್ತಿತ್ತು. ಅದನ್ನು ಯಾರೂ ಕುರೂಪ ಅನ್ನಲಿಲ್ಲ. ಫ್ರಾನ್ಸಿನಲ್ಲಿ ರೆನೆ ಹೆರ್ಸ್, ಅಲೆಕ್ಸ್ ಸಿಂಗರ್ ಕಟ್ಟಿದ ದೂರಪ್ರಯಾಣದ ಸೈಕಲ್‌ಗಳನ್ನು ಇವತ್ತಿಗೂ ಜನ ಕಣ್ಣರಳಿಸಿ ನೋಡುವುದಕ್ಕೂ ಇದೇ ಕಾರಣ: ಮಡ್‌ಗಾರ್ಡ್, ಲೈಟು, ಕ್ಯಾರಿಯರ್ ಆಮೇಲೆ ತಗುಲಿಸಿದವಲ್ಲ, ಫ್ರೇಮಿನ ಜೊತೆಗೇ ಲೆಕ್ಕ ಹಾಕಿದವು.

28-32 ಮಿ.ಮೀ. ಟೈರಿಗೆ 45 ಮಿ.ಮೀ. ಅಗಲದ್ದು ಸಾಕು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಸುತ್ತಲೂ ಒಂದೇ ಅಂತರ, ಸುಮಾರು 10 ಮಿ.ಮೀ. ಇರಲಿ, ಆ ದಪ್ಪದ ರಟ್ಟಿನ ಪಟ್ಟಿಯನ್ನು ಟೈರಿನ ಮೇಲಿಟ್ಟು ಅದರ ಮೇಲೆ ಮಡ್‌ಗಾರ್ಡ್ ಕೂರಿಸಿದರೆ ಅಳತೆ ತಾನಾಗಿ ಬರುತ್ತದೆ. ಎಲ್ಲ ಬೋಲ್ಟ್ ಸಡಿಲವಿದ್ದಾಗಲೂ ಅದು ತನ್ನ ಜಾಗದಲ್ಲೇ ನಿಲ್ಲಬೇಕು. ಎಳೆದು ಬಗ್ಗಿಸಿ ಬೋಲ್ಟ್ ಹಾಕಿದರೆ ಕೆಲವೇ ತಿಂಗಳಲ್ಲಿ ಬೋಲ್ಟ್ ತೂತಿನಿಂದಲೇ ಸೀಳು ಬಿಡುತ್ತದೆ. ತೂತಿಗೆ ರಬ್ಬರ್ ವಾಷರ್ ಹಾಕಿ, ನೈಲಾನ್ ನಟ್ ಬಳಸಿ. ಮಡ್‌ಗಾರ್ಡನ್ನು ಹಿಡಿದಿಡುವ ಕಡ್ಡಿಗಳ ಹೆಚ್ಚುವರಿ ತುದಿ ಕತ್ತರಿಸಿ ಟೋಪಿ ಹಾಕಿ. ಮುಂದಿನ ಮಡ್‌ಗಾರ್ಡಿನ ಕಡ್ಡಿಗೆ ಎಳೆದರೆ ಕಳಚಿಕೊಳ್ಳುವ ಕ್ಲಿಪ್ ಇರಲೇಬೇಕು. ಇಲ್ಲದಿದ್ದರೆ ಸಿಕ್ಕಿಕೊಂಡ ಒಂದು ಕೋಲು ಮಡ್‌ಗಾರ್ಡನ್ನು ಮಡಚಿ ಚಕ್ರ ಲಾಕ್ ಮಾಡಿ, ಸವಾರನನ್ನು ಹ್ಯಾಂಡಲ್ ಮೇಲಿಂದ ಎಸೆಯುತ್ತದೆ. ಪೆಡಲ್ ಅಡ್ಡಕ್ಕಿಟ್ಟು ಹ್ಯಾಂಡಲ್ ತಿರುಗಿಸಿ ಬೂಟಿನ ತುದಿ ತಗುಲುತ್ತದೆಯೇ ಎಂದೂ ನೋಡಿ.

ಒಂದು ಕಡೆ ಮಾತ್ರ ಮಡ್‌ಗಾರ್ಡ್ ವಿರೋಧಿಗಳ ಮಾತೇ ಸರಿ. ಉತ್ತರ ಕರ್ನಾಟಕದ ಎರೆಮಣ್ಣಿನ ದಾರಿಯಲ್ಲಿ ಮಳೆ ಬಂದರೆ ಆ ಜಿಗುಟು ಸಂದಿಯಲ್ಲಿ ತುಂಬಿಕೊಂಡು ಚಕ್ರವೇ ತಿರುಗುವುದಿಲ್ಲ. ಅಲ್ಲಿ ಬಿಚ್ಚಿಟ್ಟು ಹೋಗಿ.

ಸ್ಟ್ಯಾಂಡ್ ಬೇಕೆಂದರೆ ಫ್ರೇಮಿನಲ್ಲೇ ಅದಕ್ಕೆಂದು ಜಾಗವಿದ್ದರೆ ಮಾತ್ರ ಹಾಕಿಸಿ. ತೆಳು ಅಲ್ಯೂಮಿನಿಯಂ ಪೈಪಿಗೆ ಕ್ಲಾಂಪ್ ಬಿಗಿದರೆ ಪೈಪ್ ಅಪ್ಪಚ್ಚಿ. ಕಾರ್ಬನ್ನಿಗಂತೂ ಕೇಳಲೇಬೇಡಿ.

ಈಗ ಗರಗಸ

ಕನಿಷ್ಠ 500 ಕಿ.ಮೀ. ಓಡಿಸುವವರೆಗೆ ಹೆಚ್ಚುವರಿ ಸ್ಪೇಸರ್‌ಗಳನ್ನು ಸ್ಟೆಮ್ ಮೇಲೆ ಇಟ್ಟುಕೊಳ್ಳಿ. ಹೊಗೆಕೊಳವೆಯಂತೆ ಕಾಣುತ್ತದೆ, ಕಾಣಲಿ. ಎತ್ತರ ಇದೇ ಎಂದು ಗಟ್ಟಿಯಾದ ಮೇಲೆ, ಸ್ಟೆಮ್ ಮೇಲೆ 5 ಮಿ.ಮೀ. ಸ್ಪೇಸರ್ ಒಂದನ್ನು ಉಳಿಸಿ, ಅದರ ಮೇಲಂಚಿನ ನೇರಕ್ಕೆ ಸ್ಟೀರರ್ ಮೇಲೆ ಗುರುತು ಹಾಕಿ, ಗುರುತಿನಿಂದ 3 ಮಿ.ಮೀ. ಕೆಳಗೆ ಕತ್ತರಿಸಿ. ಇಂಚಿಗೆ 32 ಹಲ್ಲಿನ ಬ್ಲೇಡ್, ಕತ್ತರಿಸುವಾಗ ಓರೆಯಾಗದಂತೆ ಗೈಡ್ ಬೇಕು. ಕಾರ್ಬನ್ ಆದರೆ ಮೊದಲು ಎಕ್ಸ್‌ಪಾಂಡರ್ (ಟಾಪ್ ಕ್ಯಾಪ್ ಬೋಲ್ಟ್ ಹಿಡಿಯಲು ಸ್ಟೀರರ್ ಒಳಗಿರುವ ತುಂಡು) ಹೊರತೆಗೆದು, ಕತ್ತರಿಸುವ ಜಾಗಕ್ಕೆ ಟೇಪ್ ಸುತ್ತಿ, ನೀರು ಚಿಮುಕಿಸುತ್ತ, ಮಾಸ್ಕ್ ಹಾಕಿಕೊಂಡು ಕತ್ತರಿಸಿ. ಮುಕ್ಕಾಲು ಭಾಗ ಆದ ಮೇಲೆ ತಿರುಗಿಸಿ ಎದುರು ಕಡೆಯಿಂದ ಮುಗಿಸಿ, ಆಗ ಎಳೆ ಕಿತ್ತುಬರುವುದಿಲ್ಲ. ಅದೇ ಕೆಲಸಕ್ಕೆ ಹೊಡೆದು ಕೂರಿಸುವ ಸ್ಟಾರ್ ನಟ್ ಲೋಹದ ಸ್ಟೀರರಿಗೆ ಮಾತ್ರ, ತುದಿಯಿಂದ ಸುಮಾರು 15 ಮಿ.ಮೀ. ಒಳಕ್ಕೆ ಹೊಡೆಯಬೇಕು. ಕಾರ್ಬನ್ನಿಗೆ ಅದನ್ನು ಹೊಡೆದರೆ ಒಳಗೋಡೆ ಗೀರಿ ಬಿರುಕು ಬಿಡುತ್ತದೆ, ಆಮೇಲೆ ಹೊಸ ಫೋರ್ಕೇ ಗತಿ.