ಫುಲ್ ಶಾರ್ಟ್ ಸೆಟ್‌ಗೆ ರಾಳದ ಹೊಗೆ: ನನ್ನ ಅನುಭವ

ಸತ್ತ ಮೊಬೈಲ್ ಸೆಟ್ಟಿನ ಬೋರ್ಡಿನಲ್ಲಿ ಕರೆಂಟ್ ನೇರ ಗ್ರೌಂಡಿಗೆ ಹೋಗುವ ಜಾಗ, ಅಂದರೆ ಶಾರ್ಟ್, ಬಿಸಿ ತೋರಿಸುವ ಥರ್ಮಲ್ ಕ್ಯಾಮೆರಾ ಇಲ್ಲದೆ ಸಿಗಲ್ಲ, ರಾಳ ಗೀಳ ಎಲ್ಲ ಹಳೇ ಕಾಲದ್ದು ಅಂತ ನಕ್ಕವರೇ ಹೆಚ್ಚು. ಕ್ಯಾಮೆರಾಕ್ಕೆ ಹದಿನೈದಿಪ್ಪತ್ತು ಸಾವಿರ ಸುರಿಯಬೇಕು, ರಾಳದ ಉಂಡೆಗೆ ನಲವತ್ತೋ ಐವತ್ತೋ. ‘ಬೋರ್ಡೇ ಹೋಗಿದೆ, ನಾಲ್ಕು ಸಾವಿರ ಆಗುತ್ತೆ’ ಅನ್ನಿಸಿಕೊಂಡು ಬಂದ ಸೆಟ್‌ಗಳು ಏಳೆಂಟು ನೂರಕ್ಕೆ ಎದ್ದು ಹೋಗಿವೆ.

ಡಿಸಿ ಮಷೀನಿಗೆ (ಬ್ಯಾಟರಿ ಬದಲು ಕರೆಂಟ್ ಕೊಡುವ ಪವರ್ ಸಪ್ಲೈ) ಹಾಕಿದ ಕೂಡಲೇ, ಪವರ್ ಬಟನ್ ಒತ್ತುವ ಮೊದಲೇ ಆಂಪಿಯರ್ ಏರಿದರೆ ಪ್ರೈಮರಿ ಲೈನ್, ಅಂದರೆ ಬ್ಯಾಟರಿಯಿಂದ ಬರುವ ಮುಖ್ಯ ಲೈನ್, ಶಾರ್ಟ್. ಶೀಲ್ಡ್ ತೆಗೆದು, ಬೋರ್ಡ್ ತೊಳೆದು, ಕನೆಕ್ಟರ್‌ಗಳಿಗೆ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪ್ ಹಚ್ಚಿ, ಬೆಸುಗೆಯ ಐರನ್‌ನಿಂದ ರಾಳ ಕಾಯಿಸಿ ಹೊಗೆ ಹಿಡಿಯಿರಿ. ಆಮೇಲೆ ಕರೆಂಟ್ ಕೊಟ್ಟಾಗ ಶಾರ್ಟ್ ಆದ ಭಾಗ ಬಿಸಿಯಾಗಿ ಅದರ ಮೇಲೆ ಕೂತ ರಾಳ ಕರಗುತ್ತದೆ. ಬಿಳಿ ಪುಡಿ ತೆಳ್ಳಗೆ ಕೂತರೆ ಸಾಕು. ದಪ್ಪವಾದರೆ ಅಕ್ಕಪಕ್ಕದ್ದೂ ಕರಗಿ ಯಾವುದು ಕಳ್ಳ ಅಂತ ಗೊತ್ತಾಗಲ್ಲ. ಹೊಗೆ ಸಮನಾಗಿ ಕೂರಲು ಐರನ್ ತುದಿಗೆ ನಾನು ಏನು ಸಿಕ್ಕಿಸುತ್ತೇನೆ ಅನ್ನೋದು ಹೊಟ್ಟೆಪಾಡಿನ ಗುಟ್ಟು, ಇಲ್ಲಿ ಬರೆಯಲ್ಲ.

ಶಾರ್ಟ್ ಆದ ಲೈನಿಗೆ ಡಿಸಿ ಮಷೀನಿನ ವೋಲ್ಟೇಜ್ ತೀರಾ ಕಡಿಮೆಯಿಂದ ಶುರು ಮಾಡಿ, ಎರಡು ಆಂಪಿಯರ್ ಎಳೆಯುವ ತನಕ ನಿಧಾನಕ್ಕೆ ಏರಿಸಿ. ಪ್ರೋಬ್ ವೈರ್ ದಪ್ಪ ಇರಲಿ. ಸಣ್ಣ ವೈರಾದರೆ ಅದೇ ಕಾಯುತ್ತದೆ, ಕೆಪಾಸಿಟರ್ ತಣ್ಣಗೇ ಇರುತ್ತದೆ. ಲೈನಿನ ಸ್ವಂತ ವೋಲ್ಟೇಜ್ ಮಾತ್ರ ದಾಟಬೇಡಿ. 1.8ರ ಲೈನಿಗೆ 4 ಕೊಟ್ಟರೆ ಸಿಪಿಯು, ಮೆಮೊರಿ ಎರಡಕ್ಕೂ ಎಳ್ಳುನೀರು. ಸಿಪಿಯು ಕೋರ್ ಲೈನಿನಲ್ಲಿ ಮೀಟರಿನ ಬಜರ್ ಕೂಗಿದ್ದನ್ನೇ ಶಾರ್ಟ್ ಅಂದುಕೊಳ್ಳುವವರಿದ್ದಾರೆ. ಅಲ್ಲಿ ಓಮ್ಸ್ (ಕರೆಂಟಿಗೆ ಇರುವ ತಡೆ) ಹುಟ್ಟಾ ಕಮ್ಮಿ.

ಕರಗಿದ ಜಾಗದಲ್ಲಿ ಫಿಲ್ಟರ್ ಕೆಪಾಸಿಟರ್ ಇದ್ದರೆ ಎತ್ತಿಬಿಡಿ. ಸಾಮಾನ್ಯವಾಗಿ ಸೆಟ್ ಅದಿಲ್ಲದೆಯೂ ಆನ್ ಆಗುತ್ತದೆ, ಆದರೂ ಸ್ಕ್ರ್ಯಾಪ್ ಬೋರ್ಡಿನಿಂದ ಅದೇ ಅಳತೆಯದನ್ನು ಕೂರಿಸೋದು ಒಳ್ಳೇದು. ಕಾಯಿಲ್ ಎತ್ತಿದರೆ ಲೈನೇ ಕಟ್. ಪವರ್ ಐಸಿ ಮೇಲೆ ಕರಗಿದರೂ ತಕ್ಷಣ ಅದನ್ನು ಕೀಳಲು ಬಿಸಿಗಾಳಿಯ ಬ್ಲೋವರ್ ಹಿಡಿಯಬೇಡಿ, ಮೊದಲು ಸುತ್ತಲಿನ ಕೆಪಾಸಿಟರ್ ನೋಡಿ. ನೆಟ್‌ವರ್ಕ್ ಪಿಎ (ಸಿಗ್ನಲ್ ಬಲಪಡಿಸುವ ಐಸಿ) ಮೇಲೆ ಕರಗಿದರೆ ಖುಷಿಪಡಿ. ಅದನ್ನು ತೆಗೆದ ಮೇಲೆ ಶಾರ್ಟ್ ಹೋಗಿ ಸೆಟ್ ಆನ್ ಆದರೆ ಗಿರಾಕಿಯ ಫೋಟೋಗಳು ಉಳಿದವು, ಸಿಗ್ನಲ್ ಆಮೇಲೆ ನೋಡಿಕೊಂಡರಾಯಿತು.

ಸ್ವಲ್ಪವೇ ಕರೆಂಟ್ ಸೋರುವ ಹಾಫ್ ಶಾರ್ಟ್‌ಗೆ ಇದು ಅಷ್ಟಕ್ಕಷ್ಟೇ. ಮೂವತ್ತು ನಲವತ್ತು ಮಿಲಿಆಂಪಿಯರ್ ಲೀಕೇಜಿಗೆ ರಾಳ ಕರಗಲ್ಲ. ಅಂಥದ್ದಕ್ಕೆ ಫ್ಯಾನ್ ಆರಿಸಿ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಸವರುತ್ತೇನೆ, ಬಿಸಿಗೆ ಮೊದಲು ಆರುವ ಜಾಗದ ಮೇಲೆ ಕಣ್ಣು. ಬೇಸಿಗೆಯಲ್ಲಿ ಎಲ್ಲವೂ ಒಟ್ಟಿಗೇ ಆರಿ ಕೈಕೊಡುತ್ತದೆ. ರಾಳದ ಬದಲು ಕರ್ಪೂರದ ಹೊಗೆಯನ್ನೂ ಹಿಡಿದು ನೋಡಿದ್ದಾಯಿತು, ಬೋರ್ಡಿಗೆ ಕಾಡಿಗೆ ಹಚ್ಚಿದ ಹಾಗಾಗಿ ತೊಳೆಯೋದೇ ಒಂದು ಕೆಲಸ.

ಕೊನೆಗೆ ರಾಳವನ್ನು ಐಪಿಎ, ಬ್ರಷ್ ಹಾಕಿ ಪೂರ್ತಿ ತೆಗೆಯಿರಿ. ಡಿಸ್‌ಪ್ಲೇ ಕನೆಕ್ಟರಿನಲ್ಲಿ ಚೂರು ಉಳಿದರೂ ಟಚ್ ಕೆಲಸ ಮಾಡ್ತಿಲ್ಲ ಅಂತ ಸೆಟ್ ವಾಪಸ್ ಬರುತ್ತದೆ, ಆ ಕೆಲಸಕ್ಕೆ ಯಾರೂ ಕಾಸು ಕೊಡಲ್ಲ.