ಲೋವರಿಂಗ್ ಸ್ಪ್ರಿಂಗ್ ಹಾಕಿಸಿದ ಮೇಲೆ ಕಾರು ಒಂದು ಕಡೆ ವಾಲಿದೆಯೇ? ಹೀಗೆ ಸರಿಮಾಡಿ

ಲೋವರಿಂಗ್ ಸ್ಪ್ರಿಂಗ್, ಅಂದರೆ ಕಾರಿನ ಎತ್ತರ ತಗ್ಗಿಸುವ ಸ್ಪ್ರಿಂಗ್, ಹಾಕಿಸಿದ ದಿನ ಎಲ್ಲರೂ ಮಾಡುವ ಕೆಲಸ ಒಂದೇ. ಕಾರು ನಿಲ್ಲಿಸಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತು ನೋಡುವುದು. ನಾನೂ ನೋಡಿದೆ. ನನ್ನ ಸ್ವಿಫ್ಟ್‌ನ ಮುಂದಿನ ಎಡ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೂರು ಬೆರಳು ತೂರುತ್ತಿತ್ತು. ಬಲಗಡೆ ಎರಡೇ. ಹಾಕಿಕೊಟ್ಟವರಿಗೆ ಫೋನ್ ಮಾಡಿದರೆ, 'ಸ್ಪ್ರಿಂಗೇ ಸರಿಯಿಲ್ಲ ಸಾರ್, ವಾಪಸ್ ಕಳಿಸಿಬಿಡಿ' ಅಂದರು.

ಸ್ಪ್ರಿಂಗ್ ಸರಿಯಾಗಿಯೇ ಇತ್ತು. ಹೊಸ ಸ್ಪ್ರಿಂಗ್ ಕೆಟ್ಟು ಕಾರು ವಾಲುವುದು ಅಪರೂಪ. ಅದು ಕೂತ ರೀತಿ, ಬೋಲ್ಟ್ ಬಿಗಿ ಮಾಡಿದ ರೀತಿಯಲ್ಲೇ ಹೆಚ್ಚಾಗಿ ತಪ್ಪಿರುತ್ತದೆ. ಆದ್ದರಿಂದ ದುಡ್ಡು ಖರ್ಚು ಮಾಡುವ ಮೊದಲು ಟೇಪು ಹಿಡಿಯಿರಿ.

ಮೊದಲು ಸರಿಯಾಗಿ ಅಳೆಯಿರಿ

ಬೆರಳಿನ ಲೆಕ್ಕ ಅನುಮಾನ ಪಡೋದಕ್ಕೆ ಸಾಕು, ರಿಪೇರಿಗೆ ಸಾಲದು. ಸಮತಟ್ಟಾದ ಜಾಗ ಬೇಕು. ಮನೆ ಮುಂದಿನ ರಸ್ತೆ ಚರಂಡಿ ಕಡೆಗೆ ಇಳಿಜಾರಾಗಿರುತ್ತದೆ, ಅಲ್ಲಿ ಅಳೆದರೆ ಯಾವ ಕಾರಾದರೂ ವಾಲಿದಂತೆಯೇ ಕಾಣುತ್ತದೆ. ಪೆಟ್ರೋಲ್ ಬಂಕಿನ ಕಾಂಕ್ರೀಟ್ ನೆಲ ಅಥವಾ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಆದೀತು. ಅನುಮಾನ ಇದ್ದರೆ ಒಮ್ಮೆ ಅಳೆದು, ಕಾರನ್ನು ಅದೇ ಜಾಗದಲ್ಲಿ ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿ ಇನ್ನೊಮ್ಮೆ ಅಳೆಯಿರಿ. ವಾಲಿರುವುದು ನೆಲವೋ ಕಾರೋ ಗೊತ್ತಾಗುತ್ತದೆ.

ನಾಲ್ಕೂ ಟೈರಿಗೆ ಸರಿಯಾದ ಗಾಳಿ ಹಾಕಿಸಿ. ಡಿಕ್ಕಿಯ ಸಾಮಾನು ಇಳಿಸಿ. ಒಳಗೆ ಯಾರೂ ಕೂತಿರಬಾರದು. ಈಗಷ್ಟೇ ಜಾಕ್‌ನಿಂದ ಇಳಿಸಿದ ಕಾರನ್ನು ಅಳೆಯಲೇಬೇಡಿ. ಗಾಳಿಯಲ್ಲಿ ತೂಗುವಾಗ ಚಕ್ರಗಳು ಒಳಮುಖವಾಗಿ ಸರಿದಿರುತ್ತವೆ. ಇಳಿಸಿದಾಗ ಟೈರು ನೆಲವನ್ನು ಕಚ್ಚಿ ಹಿಡಿಯುವುದರಿಂದ ಕಾರು ಪೂರ್ತಿ ಕೆಳಗೆ ಕೂರುವುದಿಲ್ಲ. ಹತ್ತಿಪ್ಪತ್ತು ಅಡಿ ಹಿಂದೆ ಮುಂದೆ ಓಡಿಸಿ, ನಾಲ್ಕು ಮೂಲೆಯನ್ನೂ ಒತ್ತಿ ಕುಲುಕಿ, ಆಮೇಲೆ ಅಳೆಯಿರಿ.

ನೆಲದಿಂದ ಅಳೆಯಬೇಡಿ. ಚಕ್ರದ ನಟ್ಟನಡುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಿರಿ. ಆಗ ಟೈರಿನ ಸವೆತ, ಗಾಳಿ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಕಾರಿನಲ್ಲಿ ಮುಂದೆ ಎಡ 352 ಮಿ.ಮೀ., ಬಲ 338. ಹದಿನಾಲ್ಕು ಮಿ.ಮೀ. ವ್ಯತ್ಯಾಸ. ಐದಾರು ಮಿ.ಮೀ. ಇದ್ದಿದ್ದರೆ ನಾನು ಸುಮ್ನೆ ಬಿಟ್ಟುಬಿಡುತ್ತಿದ್ದೆ. ಹೊಸ ಕಾರಿನಲ್ಲೂ ಅಷ್ಟು ಇರುತ್ತದೆ, ಲೋವರ್ ಮಾಡಿದಾಗ ಸಂದಿ ಕಿರಿದಾಗಿ ಅದು ಕಣ್ಣಿಗೆ ಬೀಳುತ್ತದೆ, ಅಷ್ಟೇ.

ತಪ್ಪು ಮುಂದಿದೆಯೋ ಹಿಂದಿದೆಯೋ?

ಈ ಪ್ರಶ್ನೆಯನ್ನು ಎಷ್ಟೋ ಮೆಕ್ಯಾನಿಕ್‌ಗಳು ಕೇಳಿಕೊಳ್ಳುವುದೇ ಇಲ್ಲ. ಕಾರು ನಾಲ್ಕು ಕಾಲಿನ ಮಂಚ ಇದ್ದ ಹಾಗೆ. ಹಿಂದಿನ ಒಂದು ಕಾಲು ಗಿಡ್ಡವಾದರೆ ಮುಂದೆಯೂ ವಾಲುತ್ತದೆ. ಮುಂದೆ ವಾಲಿದೆ ಅಂತ ಮುಂದಿನದನ್ನೇ ಬಿಚ್ಚಿದರೆ ದಿನ ದಂಡ.

ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ಹಾಕಿ. ಮುಂಭಾಗದಲ್ಲಿ, ಕಂಪನಿ ತೋರಿಸಿರುವ ನಡುವಿನ ಜಾಗಕ್ಕೆ ಟ್ರಾಲಿ ಜಾಕ್ ಕೊಟ್ಟು, ಮುಂದಿನ ಎರಡೂ ಚಕ್ರ ನೆಲ ಬಿಡುವಷ್ಟು ಎತ್ತಿ. ಈಗ ಮುಂಭಾಗ ಒಂದೇ ಬಿಂದುವಿನ ಮೇಲೆ ನಿಂತಿದೆ, ಹಿಂಭಾಗವನ್ನು ಅದು ಎಳೆದಾಡುವಂತಿಲ್ಲ. ಹಿಂದಿನ ಎಡ ಬಲ ಅಳೆಯಿರಿ. ಎರಡೂ ಸಮ ಬಂದರೆ ತಪ್ಪು ಮುಂದೆ. ಈಗಲೂ ವ್ಯತ್ಯಾಸ ಇದ್ದರೆ ತಪ್ಪು ಹಿಂದೆ. ಈ ಹೊತ್ತಿನಲ್ಲಿ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ. ಜಾಕ್ ಇರುವುದು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕೆ ಅಲ್ಲ. ಕೆಳಗೆ ಕೆಲಸ ಇದ್ದರೆ ಕಾರಿನ ಭಾರ ಹೊರುವ ಜಾಕ್ ಸ್ಟ್ಯಾಂಡ್ ಬೇಕೇ ಬೇಕು.

ಸ್ಪ್ರಿಂಗಿನ ತುದಿ ಎಲ್ಲಿ ಕೂತಿದೆ?

ನನ್ನ ಕಾರಿನಲ್ಲಿ ತಪ್ಪು ಮುಂಭಾಗದಲ್ಲಿತ್ತು. ಚಕ್ರ ಬಿಚ್ಚಿ, ಟಾರ್ಚ್ ಹಿಡಿದು ಸ್ಪ್ರಿಂಗಿನ ಕೆಳತುದಿ ನೋಡಿದೆ. ಅದು ಕೂರುವ ತಟ್ಟೆಯಲ್ಲಿ ಒಂದು ಸಣ್ಣ ಮೆಟ್ಟಿಲು ಇರುತ್ತದೆ. ಸ್ಪ್ರಿಂಗಿನ ಕಂಬಿ ತಟ್ಟೆಯ ಸುತ್ತ ಬಂದು, ಕೊನೆಯಲ್ಲಿ ಆ ಮೆಟ್ಟಿಲಿಗೆ ತಾಗಿ ನಿಲ್ಲಬೇಕು. ಬಲಗಡೆ ಹಾಗೇ ಇತ್ತು. ಎಡಗಡೆ ತುದಿ ಮೆಟ್ಟಿಲು ಹತ್ತಿ ಕೂತಿತ್ತು. ಅದರ ಕೆಳಗೆ ಬೆಳಕು ಆಚೆಯಿಂದ ಈಚೆಗೆ ಹಾಯುತ್ತಿತ್ತು, ತಟ್ಟೆಯ ಹೊಸ ಧೂಳಿನ ಮೇಲೆ ಕಂಬಿ ಉಜ್ಜಿದ ಗೀರು ಹೊಳೆಯುತ್ತಿತ್ತು. ನನ್ನ ಎತ್ತರದ ವ್ಯತ್ಯಾಸದ ಬಹುಪಾಲು ಅಲ್ಲಿತ್ತು.

ಮೇಲಿನ ತುದಿಯನ್ನೂ ಹೀಗೇ ನೋಡಿ. ಸ್ಪ್ರಿಂಗ್ ಮತ್ತು ತಟ್ಟೆಯ ನಡುವಿನ ರಬ್ಬರ್ ಪ್ಯಾಡ್ ಎರಡೂ ಕಡೆ ಇದೆಯೇ? ಒಂದು ಕಡೆ ಹಳೆಯ ಸ್ಪ್ರಿಂಗಿನ ಜೊತೆಯೇ ಹೋಗಿಬಿಟ್ಟಿರಬಹುದು. ಒಂದು ಸವೆದು ಹಾಳೆಯಾಗಿ, ಇನ್ನೊಂದು ಹೊಸದಾಗಿದ್ದರೂ ವ್ಯತ್ಯಾಸ ಬರುತ್ತದೆ. ಜೋಡಿಯಾಗಿಯೇ ಬದಲಿಸಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಹಾಗೇ ಸ್ಪ್ರಿಂಗಿನ ಮೇಲಿನ ನಂಬರ್ ಓದಿ. ಎಡ ಬಲಕ್ಕೆ ಬೇರೆ ನಂಬರ್ ಇರುವ ಕಾರುಗಳೂ ಇವೆ. ಅಕ್ಷರ ತಲೆಕೆಳಗಾಗಿದ್ದರೆ ಸ್ಪ್ರಿಂಗೂ ತಲೆಕೆಳಗಾಗಿ ಕೂತಿರುವ ಸಾಧ್ಯತೆ ಜಾಸ್ತಿ.

ಮುಂದಿನ ಸ್ಪ್ರಿಂಗನ್ನು ಬಿಚ್ಚುವುದು ಮಾತ್ರ ಮನೆಯಲ್ಲಿ ಕಲಿಯುವ ಕೆಲಸವಲ್ಲ. ಸ್ಪ್ರಿಂಗ್ ಕಂಪ್ರೆಸರ್ ಅನ್ನುವ ಉಪಕರಣ ಹಾಕಿ ಸ್ಪ್ರಿಂಗನ್ನು ಅದುಮಿ, ಅದು ಮೇಲಿನ ತಟ್ಟೆಯಿಂದ ಸಡಿಲವಾದ ಮೇಲೆಯೇ ನಡುವಿನ ನಟ್ ಬಿಚ್ಚಬೇಕು. ತಪ್ಪಿದರೆ ಸಿಡಿಯುತ್ತದೆ, ಜೀವಕ್ಕೇ ಅಪಾಯ. ಒಳ್ಳೆ ಗ್ಯಾರೇಜಿಗೆ ಒಯ್ಯಿರಿ, ಪಕ್ಕದಲ್ಲಿ ನಿಂತು ತುದಿ ಎಲ್ಲಿ ಕೂತಿದೆ ಅಂತ ನೀವೇ ನೋಡಿ.

ಬುಷ್ ಬಿಗಿ ಮಾಡುವ ಹೊತ್ತು

ಉಳಿದ ನಾಲ್ಕೈದು ಮಿ.ಮೀ. ಇಲ್ಲಿ ಅಡಗಿರುತ್ತದೆ. ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕೆಳಗಿನ ತೋಳು, ಅಂದರೆ ಲೋಯರ್ ಆರ್ಮ್‌ನ ರಬ್ಬರ್ ಬುಷ್ (ಬೋಲ್ಟ್ ಹಾಯುವ ರಬ್ಬರ್ ಕೊಳವೆ) ಬೇರಿಂಗಿನಂತೆ ತಿರುಗುವುದಿಲ್ಲ, ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತದೆ. ಚಕ್ರ ತೂಗುತ್ತಿರುವಾಗಲೇ ಬೋಲ್ಟ್ ಬಿಗಿ ಮಾಡಿದರೆ, ಕಾರು ಇಳಿದಾಗ ರಬ್ಬರ್ ತಿರುಚಿ ಆ ಮೂಲೆಯನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಬುಷ್ ಬೇಗ ಹರಿಯುತ್ತದೆ ಕೂಡ.

ಪರಿಹಾರ ಸುಲಭ. ಚಕ್ರಗಳ ಮೇಲೆಯೇ ಎತ್ತುವ ರ‍್ಯಾಂಪ್ ಇರುವ ಗ್ಯಾರೇಜಿಗೆ ಹೋಗಿ. ಕಾರಿನ ಭಾರ ಚಕ್ರದ ಮೇಲಿರುವಾಗ ಎರಡೂ ಕಡೆಯ ಬುಷ್ ಬೋಲ್ಟ್‌ಗಳನ್ನು ಸಡಿಲಿಸಿ, ಕಾರನ್ನು ಕುಲುಕಿ, ಮ್ಯಾನುಯಲ್‌ನಲ್ಲಿ ಹೇಳಿದ ಟಾರ್ಕ್‌ಗೆ (ಬಿಗಿಯ ಅಳತೆಗೆ) ಬಿಗಿ ಮಾಡಿಸಿ. ಹಿಂದಿನ ಆಕ್ಸಲ್ ಬೀಮ್‌ನ ಬುಷ್‌ಗಳಿಗೂ ಇದೇ ಮಾತು. ಎಡ ಬಲದ ಚಕ್ರಗಳನ್ನು ಬೆಸೆಯುವ ಸ್ಟೆಬಿಲೈಸರ್ ರಾಡಿನ ತುದಿಯ ಲಿಂಕ್‌ಗಳನ್ನು ಎರಡೂ ಕಡೆ ಒಮ್ಮೆ ಕಳಚಿ ನೋಡಿ. ಕಳಚಿದ ಕೂಡಲೇ ಕಾರು ಸಮವಾದರೆ ಆ ರಾಡ್ ಎಳೆದು ಹಿಡಿದಿತ್ತು ಅಂತ ಅರ್ಥ.

ಇಷ್ಟಾದರೂ ವಾಲಿದ್ದರೆ ಎಡ ಬಲದ ಸ್ಪ್ರಿಂಗ್ ಅದಲು ಬದಲು ಮಾಡಿಸಿ, ಎಡ ಬಲ ಬೇರೆ ನಂಬರ್ ಇಲ್ಲದಿದ್ದರೆ ಮಾತ್ರ. ವಾಲುವ ಕಡೆ ಬದಲಾದರೆ ಸ್ಪ್ರಿಂಗಿನದೇ ದೋಷ, ಆಗ ವಾಪಸ್ ಕಳಿಸಿ. ಬದಲಾಗದಿದ್ದರೆ ಸ್ಪ್ರಿಂಗಿನ ಮೇಲ್ತುದಿಯನ್ನು ಕಾರಿಗೆ ಕೂರಿಸುವ ಮೌಂಟು, ಹಳೆಯ ಆಕ್ಸಿಡೆಂಟಿನಲ್ಲಿ ಬಾಗಿದ ಭಾಗ, ಇವನ್ನು ಹುಡುಕಬೇಕು. ಎತ್ತರ ಇರುವ ಕಡೆಯ ಸ್ಪ್ರಿಂಗ್ ಕತ್ತರಿಸುತ್ತೇನೆ, ಕಾಯಿಸಿ ಇಳಿಸುತ್ತೇನೆ ಅನ್ನುವವರಿಂದ ದಯವಿಟ್ಟು ಕಾರು ವಾಪಸ್ ತನ್ನಿ. ಕಾಯಿಸಿದ ಸ್ಪ್ರಿಂಗಿನ ಹದ ಕೆಡುತ್ತದೆ, ಆಮೇಲೆ ಅದನ್ನು ನಂಬುವಂತಿಲ್ಲ.

ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟಿನ ಬೆಳಕು ಎಲ್ಲಿ ಬೀಳುತ್ತದೆ ನೋಡಿಸಿ. ಎತ್ತರ ಬದಲಾದರೆ ಎರಡೂ ಬದಲಾಗುತ್ತವೆ. ಇನ್ನೂ ಸ್ಪ್ರಿಂಗ್ ಹಾಕಿಸದವರಿಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. ಆರ್‌ಟಿಒ ಕಚೇರಿಯಲ್ಲೂ ಇನ್ಶೂರೆನ್ಸ್‌ನವರಲ್ಲೂ ಮೊದಲೇ ಕೇಳಿಕೊಳ್ಳಿ.

ಹೊಸ ಸ್ಪ್ರಿಂಗ್ ಓಡಿದಂತೆ ಇನ್ನೂ ಸ್ವಲ್ಪ ಕೂರುತ್ತದೆ. ಐನೂರು ಕಿ.ಮೀ. ಆದ ಮೇಲೆ ಅದೇ ನೆಲದಲ್ಲಿ ಮತ್ತೆ ಅಳೆಯಿರಿ. ನನ್ನ ಪುಸ್ತಕದಲ್ಲಿ ಈಗ ಬರೆದಿರುವುದು: ಎಡ 339, ಬಲ 336.